ಹೊಟ್ಟೆ ಬೆಳೆಯಿತು, ತೊಡೆ ಸವೆಯಿತು

ಕರ್ನಾಟಕ–ಮಹಾರಾಷ್ಟ್ರ ಗಡಿಭಾಗದ ಹಿರಿಯರಲ್ಲಿ ಸಕ್ಕರೆ ಕಾಯಿಲೆ, ಬೊಜ್ಜು, ಮಣಕಾಲು ನೋವಿನ ಮಾತು ಎಲ್ಲ ಕಡೆ ಇದೆ. ಇವುಗಳ ನಡುವೆ ಸದ್ದಿಲ್ಲದೆ ಕರಗುತ್ತಿರುವ ಸ್ನಾಯುವಿನ ಮಾತು ಮಾತ್ರ ಎಲ್ಲಿಯೂ ಇಲ್ಲ.

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕಾಗಲ ದಾಟಿ, ದೂಧಗಂಗಾ ನದಿಯ ಸೇತುವೆ ಇಳಿದು ಕರ್ನಾಟಕದೊಳಗೆ ಬಂದರೆ ಸಿಗುವ ದೊಡ್ಡ ಊರು ಕೊಗನೊಳ್ಳಿ. 2021ರಲ್ಲಿ ಕೊರೊನಾ ವರದಿ ಇಲ್ಲದವರನ್ನು ಇಲ್ಲಿನ ಚೆಕ್‌ಪೋಸ್ಟ್‌ನಲ್ಲಿ ತಡೆದು ವಾಪಸ್ ಕಳಿಸುತ್ತಿದ್ದ ದಿನಗಳಲ್ಲಿ ಊರಿನ ಹೆಸರು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿತ್ತು. ಆ ಗದ್ದಲ ಮುಗಿದಿದೆ. ಇಂಥ ಊರುಗಳ ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತರೆ ದಿನವೂ ನಡೆಯುವ ಇನ್ನೊಂದು ತಪಾಸಣೆ ಕಾಣುತ್ತದೆ. ಅದನ್ನು ಮಾಡುವುದು ಬಸ್ಸಿನ ಮೊದಲ ಮೆಟ್ಟಿಲು.

2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ಮಗಳ ಮನೆ, ದವಾಖಾನೆ, ಸಂತೆ, ಚಿಂಚಲಿ ಮಾಯಕ್ಕನ ಗುಡಿ ಎಂದು ಅಜ್ಜಿಯಂದಿರ ಓಡಾಟ ಹೆಚ್ಚಾಗಿದೆ. ಬಸ್ಸು ಬಂದು ನಿಲ್ಲುತ್ತದೆ. ಒಬ್ಬಾಕೆ ಬಲಗೈಯಿಂದ ಬಾಗಿಲ ಸರಳು ಹಿಡಿಯುತ್ತಾಳೆ, ಒಂದು ಕಾಲು ಮೆಟ್ಟಿಲ ಮೇಲಿಡುತ್ತಾಳೆ, ಎಡಗೈಯನ್ನು ಆ ತೊಡೆಯ ಮೇಲೆ ಊರುತ್ತಾಳೆ. ಮೈ ಮೇಲೇಳುವುದಿಲ್ಲ. ಇನ್ನೊಮ್ಮೆ ಊರುತ್ತಾಳೆ. ಹಿಂದಿನಿಂದ ಯಾರೋ ಬೆನ್ನಿಗೆ ಕೈಕೊಟ್ಟು ‘ಏರ್ರಿ ಆಯಿ, ಲಗೂ ಏರ್ರಿ’ ಎಂದು ಎತ್ತಿದ ಮೇಲೆಯೇ ಒಳಗೆ ಹೋಗುವುದು. ಗಮನಿಸಿ ನೋಡಿದರೆ ಸೆರಗಿನ ಅಡಿಯಲ್ಲಿ ಹೊಟ್ಟೆ ದುಂಡಗಿದೆ, ಸೀರೆಯ ಅಂಚಿನ ಕೆಳಗೆ ಕಾಣುವ ಮೀನಖಂಡ ಬತ್ತಿ ಹೋಗಿದೆ. ಕಟ್ಟೆಯ ಮೇಲೆ ಕುಳಿತ ಅಜ್ಜಂದಿರದೂ ಇದೇ ಕಥೆ. ಅಂಗಿಯ ಗುಂಡಿ ಹೊಟ್ಟೆಯ ಹತ್ತಿರ ಬಿಗಿಯಾಗಿದೆ, ಧೋತರದೊಳಗೆ ತೊಡೆ ಸಡಿಲವಾಗಿದೆ.

ಮನೆಗಳಲ್ಲಿ ಇದಕ್ಕೆ ಒಂದೇ ಮಾತು: ‘ವಯಸ್ಸಾತು, ಕಸುವು ಹೋತು.’ ಸಕ್ಕರೆ ಏರಿದ್ದಕ್ಕೆ ಒಂದು ಮಾತ್ರೆ, ಬೀಪಿಗೆ ಇನ್ನೊಂದು, ಮಣಕಾಲು ನೋವಿಗೆ ಸೂಜಿ. ಕಾಲಿನ ಕಸುವು ಹೋದದ್ದಕ್ಕೆ ಮಾತ್ರ ಯಾರ ಬಳಿಯೂ ಏನೂ ಇಲ್ಲ, ಯಾರೂ ಕೇಳುವುದೂ ಇಲ್ಲ. ವೈದ್ಯವಿಜ್ಞಾನ ಇವೆಲ್ಲವನ್ನೂ ಈಗ ಒಟ್ಟಿಗೆ ನೋಡುತ್ತಿದೆ. ಇವುಗಳ ನಡುವೆ ಇರುವುದು ಸ್ನಾಯು. ಹಿರಿಯರ ಕಸುವನ್ನು ಅಳೆಯಬೇಕು, ಮರಳಿ ಕಟ್ಟಬೇಕು. ಅದಕ್ಕೆ ಮೊದಲು, ಪ್ರೀತಿಯ ಹೆಸರಿನಲ್ಲಿ ಅವರನ್ನು ಕೂರಿಸುವುದನ್ನು ನಾವು ನಿಲ್ಲಿಸಬೇಕು.

ತೂಕದ ಕಾಟಾ ಹೇಳದ ಸಂಗತಿ

ನಲವತ್ತೈದನೆಯ ವಯಸ್ಸಿನಲ್ಲಿ 64 ಕಿಲೋ ಇದ್ದವರು ಎಪ್ಪತ್ತರಲ್ಲೂ 64 ಕಿಲೋ ಇದ್ದಾರೆ ಎಂದುಕೊಳ್ಳಿ. ಕಾಟಾದ ಮೇಲೆ ನಿಂತು ‘ನನ್ನ ತೂಕ ಏನೂ ಹೆಚ್ಚುಕಡಿಮೆ ಆಗಿಲ್ಲ’ ಎಂದು ಸಮಾಧಾನ ಪಡುತ್ತಾರೆ. ಆ ಇಪ್ಪತ್ತೈದು ವರ್ಷಗಳಲ್ಲಿ ತೊಡೆ, ಪೃಷ್ಠ, ಬೆನ್ನು, ಭುಜಗಳಿಂದ ಹಲವು ಕಿಲೋ ಖಂಡ ಹೋಗಿ, ಅಷ್ಟೇ ಕೊಬ್ಬು ಹೊಟ್ಟೆಯೊಳಗೆ, ಕರುಳು–ಯಕೃತ್ತಿನ ಸುತ್ತ, ಸ್ನಾಯುವಿನ ಎಳೆಗಳ ನಡುವೆಯೇ ಸೇರಿಕೊಂಡಿರುತ್ತದೆ. ಕಾಟಾಕ್ಕೆ ಎರಡೂ ಒಂದೇ.

ಐವತ್ತು ದಾಟಿದ ಮೇಲೆ ಸ್ನಾಯುವಿನ ಪ್ರಮಾಣ ವರ್ಷಕ್ಕೆ ಶೇ 1ರಿಂದ 2ರಷ್ಟು ಇಳಿಯುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಬಲ ಅದಕ್ಕಿಂತ ಬೇಗ ಇಳಿಯುತ್ತದೆ. ಥಟ್ಟನೆ ಚುರುಕಾಗಿ ಕೆಲಸ ಮಾಡುವ ಎಳೆಗಳೇ ಮೊದಲು ಸೊರಗುತ್ತವೆ. ಎಡವಿದಾಗ ಸಾವರಿಸಿಕೊಳ್ಳಲು, ಕುರ್ಚಿಯಿಂದ ಏಳಲು, ಬಸ್ಸಿನ ಮೆಟ್ಟಿಲು ಹತ್ತಲು ಬೇಕಾಗುವುದು ಅವೇ. ಅವುಗಳಿಗೆ ಸಂದೇಶ ಒಯ್ಯುವ ನರಗಳೂ ಕಡಿಮೆಯಾಗುತ್ತ ಹೋಗುತ್ತವೆ. ಉಂಡ ಪ್ರೋಟೀನ್‌ನಿಂದ ಹೊಸ ಸ್ನಾಯು ಕಟ್ಟುವ ಶಕ್ತಿಯೂ ಮಂದವಾಗುತ್ತದೆ. ಹರೆಯದವರಿಗೆ ಸಾಕಾಗುವಷ್ಟು ಊಟ ಹಿರಿಯರ ಸ್ನಾಯುವಿಗೆ ಸಾಲದು.

ಈ ಸವೆತಕ್ಕೆ ‘ಸಾರ್ಕೋಪೀನಿಯಾ’ ಎಂದು ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಹೆಸರಿಟ್ಟದ್ದು 1989ರಲ್ಲಿ. ಅಲ್ಲಿಯ ರೋಗಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಸಂಕೇತ ಸಿಕ್ಕಿದ್ದು 2016ರಲ್ಲಿ. ವೈದ್ಯರಿಗೇ ಇದು ಹೊಸ ವಿಷಯ, ನಮ್ಮ ಮನೆಗಳಿಗೆ ತಿಳಿದಿಲ್ಲ ಎಂದರೆ ಅಚ್ಚರಿಯಿಲ್ಲ. ಸ್ನಾಯು ಸವೆದು ಜೊತೆಗೆ ಕೊಬ್ಬು ಏರಿದರೆ ಅದು ಇಮ್ಮಡಿ ಪೆಟ್ಟು. ಹೊರುವ ಕಾಲು ಸೋತಿದೆ, ಹೊರಬೇಕಾದ ಭಾರ ಹೆಚ್ಚಿದೆ.

ಸಕ್ಕರೆ ಹೋಗಬೇಕಾದ ಜಾಗ

ರಕ್ತದಲ್ಲಿನ ಸಕ್ಕರೆ ಎಂದ ಕೂಡಲೇ ನಾವು ಮೇದೋಜೀರಕ ಗ್ರಂಥಿಯನ್ನು, ಇನ್ಸುಲಿನ್ನನ್ನು ನೆನೆಯುತ್ತೇವೆ. ಇನ್ಸುಲಿನ್ ಆ ಸಕ್ಕರೆಯನ್ನು ಒಯ್ದು ಹಾಕುವುದು ಎಲ್ಲಿ ಎಂದು ಕೇಳುವುದಿಲ್ಲ. ಪ್ರಯೋಗಾಲಯದಲ್ಲಿ ಅಳೆದಾಗ, ಇನ್ಸುಲಿನ್ ಪ್ರಭಾವದಲ್ಲಿ ರಕ್ತದಿಂದ ಹೊರಹೋಗುವ ಗ್ಲೂಕೋಸ್‌ನ ಸುಮಾರು ಶೇ 80ರಷ್ಟು ಸ್ನಾಯುಗಳಿಗೆ ಹೋಗುವುದು ಕಂಡುಬಂದಿದೆ. ಸ್ನಾಯು ನಮ್ಮ ಮೈಯ ಹಗೇವು. ಸುಗ್ಗಿಯ ಜೋಳ ಹಗೇವಿನಲ್ಲಿ ತುಂಬಿದರೆ ವರ್ಷವಿಡೀ ಊಟ. ಹಗೇವೇ ಕುಸಿದಿದ್ದರೆ ಕಾಳು ಅಂಗಳದಲ್ಲಿ ಬಿದ್ದು ಹುಳ ಹಿಡಿಯುತ್ತದೆ. ಖಂಡ ಕರಗಿದವರಲ್ಲಿ ಉಂಡ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ, ಮಿಕ್ಕದ್ದು ಕೊಬ್ಬಾಗಿ ಯಕೃತ್ತಿಗೂ ಹೊಟ್ಟೆಗೂ ಸೇರುತ್ತದೆ.

ಮುಂದಿನದು ಒಂದು ಸುತ್ತು. ಹೊಟ್ಟೆಯೊಳಗಿನ ಕೊಬ್ಬು ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ. ಅವು ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಬರುತ್ತವೆ, ಸ್ನಾಯುವನ್ನು ಇನ್ನಷ್ಟು ಸವೆಸುತ್ತವೆ. ಸ್ನಾಯು ಸವೆದಂತೆ ಓಡಾಟ ಕಡಿಮೆ, ಓಡಾಟ ಕಡಿಮೆಯಾದಂತೆ ಕೊಬ್ಬು ಹೆಚ್ಚು, ಕೊಬ್ಬು ಹೆಚ್ಚಿದಂತೆ ಸಕ್ಕರೆ ಹೆಚ್ಚು. ಮಾತ್ರೆಯ ಪ್ರಮಾಣ ವರ್ಷವರ್ಷ ಏರುತ್ತದೆ, ಸಕ್ಕರೆ ಹೋಗಬೇಕಾದ ಜಾಗ ಮಾತ್ರ ಚಿಕ್ಕದಾಗುತ್ತಲೇ ಇರುತ್ತದೆ.

2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ. ವಯಸ್ಕರಲ್ಲಿ ಸುಮಾರು ಶೇ 40 ಮಂದಿಗೆ ಹೊಟ್ಟೆಯ ಬೊಜ್ಜಿದೆ. ಒಟ್ಟು ತೂಕದ ಲೆಕ್ಕದಲ್ಲಿ ಬೊಜ್ಜಿರುವವರು ಶೇ 29ರ ಆಸುಪಾಸು. ಹೊಟ್ಟೆಯ ಬೊಜ್ಜು ಉಳಿದ ಬೊಜ್ಜಿಗಿಂತ ಇಷ್ಟು ಹೆಚ್ಚಿರುವುದು ಯಾಕೆ?

ಪುಣೆಯ ಹಳ್ಳಿಗಳು, ಮೈಸೂರಿನ ದಾಖಲೆಗಳು

ಆ ಪ್ರಶ್ನೆಯ ಉತ್ತರದ ಒಂದು ಭಾಗ ಕೊಗನೊಳ್ಳಿಯ ಮುಂದಿನ ಹೆದ್ದಾರಿಯಲ್ಲೇ ಉತ್ತರಕ್ಕೆ ಹೋದರೆ ಸಿಗುತ್ತದೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಸಿ.ಎಸ್. ಯಾಜ್ಞಿಕ್ ಮತ್ತು ಅವರ ತಂಡ 1990ರ ದಶಕದಿಂದ ಸುತ್ತಲಿನ ಆರು ಹಳ್ಳಿಗಳ ತಾಯಂದಿರನ್ನೂ ಮಕ್ಕಳನ್ನೂ ಅಧ್ಯಯನ ಮಾಡುತ್ತ ಬಂದಿದೆ. ಅಲ್ಲಿನ ಹಸುಗೂಸಿನ ಸರಾಸರಿ ತೂಕ 2.7 ಕಿಲೋ, ಹೋಲಿಸಿ ನೋಡಿದ ಇಂಗ್ಲೆಂಡಿನ ಕೂಸುಗಳದು 3.5 ಕಿಲೋ. ಕಡಿಮೆಯಾಗಿದ್ದದ್ದು ಮುಖ್ಯವಾಗಿ ಸ್ನಾಯು ಮತ್ತು ಒಳಾಂಗಗಳ ಬೆಳವಣಿಗೆ. ಕೊಬ್ಬು ಅಷ್ಟಾಗಿ ಕಡಿಮೆಯಿರಲಿಲ್ಲ. ನೋಡಲು ಸಣಕಲು, ಒಳಗೆ ಕೊಬ್ಬು.

ಇದೇ ಮಾತನ್ನು ಜಗತ್ತಿಗೆ ಒಂದು ಚಿತ್ರದಿಂದ ತಿಳಿಸಿದವರೂ ಯಾಜ್ಞಿಕರೇ. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರೂ ಬ್ರಿಟನ್ನಿನ ವೈದ್ಯ ಜಾನ್ ಯುಡ್ಕಿನ್ ಅವರೂ ಅಕ್ಕಪಕ್ಕ ನಿಂತ ಚಿತ್ರ ಪ್ರಕಟವಾಯಿತು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಮೈಯಲ್ಲಿನ ಕೊಬ್ಬು ಯುಡ್ಕಿನ್‌ಗೆ ಶೇ 9.1, ಯಾಜ್ಞಿಕರಿಗೆ ಶೇ 21.2. ಭಾರತೀಯರಿಗೆ ಸೂಚ್ಯಂಕ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದೂ, ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಬಾರದು ಎಂದೂ ಬೇರೆ ಅಳತೆ ಇಟ್ಟುಕೊಂಡಿರುವುದು ಈ ಕಾರಣಕ್ಕೆ.

ಹೆದ್ದಾರಿಯ ಇನ್ನೊಂದು ತುದಿಯಾಚೆ ಮೈಸೂರಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟು ಕಾಪಾಡಿಕೊಂಡಿತ್ತು. 1990ರ ದಶಕದಲ್ಲಿ ಸಂಶೋಧಕರು ಆ ಕಡತಗಳನ್ನು ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದವರನ್ನು ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತು. ಹುಟ್ಟುವಾಗ ಉದ್ದ ಕಡಿಮೆಯಿದ್ದು ದುಂಡಗಿದ್ದವರಲ್ಲಿ ಮಧುಮೇಹ ಹೆಚ್ಚಿತ್ತು. ಎಲ್ಲೋ ಅಮೆರಿಕದಲ್ಲಿ ನಡೆದದ್ದಲ್ಲ ಇದು; ನಮ್ಮದೇ ನಾಡಿನ ಸೂಲಗಿತ್ತಿಯರು, ನರ್ಸುಗಳು ಬರೆದಿಟ್ಟ ಅಂಕಿ ಹೇಳಿದ ಸತ್ಯ.

ಈಗ ಎಪ್ಪತ್ತರ ಆಸುಪಾಸಿನಲ್ಲಿರುವ ಗಡಿಭಾಗದ ಹಿರಿಯರು ಐವತ್ತರ ದಶಕದಲ್ಲಿ, ಅರೆಹೊಟ್ಟೆಯ ತಾಯಂದಿರಿಗೆ ಹುಟ್ಟಿದವರು. ಹದಿಹರೆಯದಲ್ಲಿ 1972ರ ಬರ ಕಂಡವರು. ಸ್ನಾಯುವಿನ ಬಂಡವಾಳ ಅವರಿಗೆ ಹುಟ್ಟಿನಿಂದಲೇ ಕಡಿಮೆ. ಮೈಮುರಿದು ದುಡಿದಷ್ಟು ಕಾಲ ಆ ಕೊರತೆ ಗೊತ್ತಾಗಲಿಲ್ಲ.

ದುಡಿಮೆ ನಿಂತ ಮೇಲೆ

ಕೊಗನೊಳ್ಳಿಯ ಹತ್ತಿರದ ನಿಪ್ಪಾಣಿ ಎಂದರೆ ತಂಬಾಕು. 1981ರಲ್ಲಿ ತಂಬಾಕಿಗೆ ಬೆಲೆ ಕೇಳಿ ಶರದ್ ಜೋಶಿಯವರ ನೇತೃತ್ವದಲ್ಲಿ ರೈತರು ಇದೇ ಹೆದ್ದಾರಿಯಲ್ಲಿ ಕುಳಿತರು. ಆ ಏಪ್ರಿಲ್‌ನಲ್ಲಿ ಗೋಲಿಬಾರಿಗೆ ಜೀವಗಳು ಹೋದವು. ಅಂದು ಮೂವತ್ತರ ಹರೆಯದಲ್ಲಿದ್ದವರು ಇಂದು ಎಪ್ಪತ್ತೈದರ ಸಮೀಪ ಬಂದಿದ್ದಾರೆ. ಅವರ ಜೊತೆಗಿದ್ದ ಹೆಣ್ಣುಮಕ್ಕಳು ತಂಬಾಕಿನ ವಖಾರಿಗಳಲ್ಲಿ ಧೂಳು ಕುಡಿಯುತ್ತ ಜರಡಿ ಹಿಡಿದವರು, ಇಲ್ಲವೇ ಮನೆಯಲ್ಲಿ ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟಿದವರು. ಬೀಡಿಯ ಕೂಲಿ ಸಾವಿರದ ಲೆಕ್ಕದಲ್ಲಿ. ಸಾವಿರ ಮುಗಿಯುವವರೆಗೆ ಬೆರಳು ಓಡುತ್ತದೆ, ಕಾಲು ಮಡಚಿದ್ದು ಮಡಚಿದಂತೆಯೇ ಇರುತ್ತದೆ. ದಿನವಿಡೀ ದುಡಿದೂ ತೊಡೆಗೆ ಕೆಲಸ ಸಿಗದ ದುಡಿಮೆ ಅದು. ತಂಬಾಕಿನ ಹೊಗೆಯೂ ಸ್ನಾಯುವಿನ ಶತ್ರುವೇ ಎಂಬುದನ್ನು ಬೀಡಿ ಸೇದುವ ಅಜ್ಜಂದಿರಿಗೆ ಹೇಳಬೇಕು.

ಹೊಲದ ಕೆಲಸವೂ ಬದಲಾಯಿತು. ಕೃಷ್ಣಾ, ದೂಧಗಂಗಾ, ವೇದಗಂಗಾ ನೀರು ಹರಿದಲ್ಲೆಲ್ಲ ಕಬ್ಬು ಬಂತು. ಕಬ್ಬು ಕಡಿಯಲು ಹೊರಗಿನ ಗ್ಯಾಂಗು, ಉಳಲು ಟ್ರ್ಯಾಕ್ಟರ್, ಹೊಲಕ್ಕೆ ಹೋಗಲು ಬೈಕು. ಮನೆಯಲ್ಲಿ ಬೀಸುಕಲ್ಲಿನ ಜಾಗಕ್ಕೆ ಗಿರಣಿ, ಬಾವಿಯ ಜಾಗಕ್ಕೆ ನಳ, ಒಳಕಲ್ಲಿನ ಜಾಗಕ್ಕೆ ಮಿಕ್ಸಿ. ಇವು ಬಂದದ್ದು ಒಳ್ಳೆಯದಾಯಿತು. ಹೆಣ್ಣುಮಕ್ಕಳ ಸೊಂಟ ಮುರಿದ ಆ ಕಷ್ಟ ಯಾರಿಗೂ ಮತ್ತೆ ಬರಬಾರದು. ಆದರೆ ಕಷ್ಟದ ಜೊತೆಗೆ ಮೈಗೆ ದಿನವೂ ಸಿಗುತ್ತಿದ್ದ ಭಾರವೂ ಹೋಯಿತು. ಅದರ ಬದಲಿಗೆ ಬೇರೇನೂ ಬರಲಿಲ್ಲ.

ಭಾರ ಬಿಟ್ಟ ಮೈ ಏನಾಗುತ್ತದೆ ಎಂಬುದನ್ನು ಈ ಭಾಗದವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಕೊಲ್ಹಾಪುರದ ಶಾಹೂ ಮಹಾರಾಜರು ಹುಟ್ಟಿದ್ದು ನೆರೆಯ ಕಾಗಲದ ಘಾಟಗೆ ಮನೆತನದಲ್ಲಿ. ಅವರು ಕುಸ್ತಿಗೆ ಕೊಟ್ಟ ಆಶ್ರಯದಿಂದ ಕೊಲ್ಹಾಪುರದಲ್ಲಿ ಖಾಸಬಾಗ ಮೈದಾನ ಎದ್ದಿತು, ಗಡಿಯ ಈಚೆಗೂ ಊರೂರಲ್ಲಿ ತಾಲೀಮುಗಳು ನಡೆದವು. ತಾಲೀಮು ಬಿಟ್ಟ ಪೈಲವಾನ ಏನಾಗುತ್ತಾನೆ ಎಂಬುದನ್ನು ಇಲ್ಲಿನವರು ಕಣ್ಣಾರೆ ಕಂಡಿದ್ದಾರೆ. ದಂಡ–ಬೈಠಕ್ ನಿಲ್ಲುತ್ತದೆ, ಹಾಲು–ತುಪ್ಪ–ಮಟನ್ನಿನ ಊಟ ನಿಲ್ಲುವುದಿಲ್ಲ. ಕೆಲವೇ ವರ್ಷಗಳಲ್ಲಿ ರಟ್ಟೆ ಇಳಿದು ಹೊಟ್ಟೆ ಮುಂದೆ ಬರುತ್ತದೆ, ಸಕ್ಕರೆ ಕಾಣಿಸಿಕೊಳ್ಳುತ್ತದೆ. ಪೈಲವಾನನಿಗೆ ನಾಲ್ಕಾರು ವರ್ಷಗಳಲ್ಲಿ ಆಗುವುದು ಉಳಿದವರಿಗೆ ಇಪ್ಪತ್ತು ವರ್ಷಗಳಲ್ಲಿ ಮೆಲ್ಲಗೆ ಆಗುತ್ತದೆ.

‘ಅತ್ತಿ, ನೀವು ಕುಂದರ್ರಿ’

ಅರವತ್ತು ದಾಟಿದವರಿಗೆ ನಮ್ಮ ಮನೆಗಳು ಕೊಡುವ ದೊಡ್ಡ ಗೌರವ ವಿಶ್ರಾಂತಿ. ಅತ್ತೆ ನೀರಿನ ಕೊಡಕ್ಕೆ ಕೈಹಾಕಿದರೆ ಸೊಸೆ ‘ಅತ್ತಿ, ನೀವು ಕುಂದರ್ರಿ, ನಾ ತರ್ತೀನಿ’ ಎನ್ನುತ್ತಾಳೆ. ಅಪ್ಪ ಹೊಲಕ್ಕೆ ಹೊರಟರೆ ಮಗ ‘ಸಾಕಪ್ಪಾ ದುಡದದ್ದು, ಆರಾಮ ಇರು’ ಎನ್ನುತ್ತಾನೆ. ಕೂರಿಸದೇ ಇದ್ದರೆ ಓಣಿಯವರು ‘ಮುಪ್ಪಿನ್ಯಾಗೂ ದುಡಸ್ತಾರ ನೋಡ್ರಿ’ ಎಂದು ಆಡಿಕೊಳ್ಳುತ್ತಾರೆ. ಇದರಲ್ಲಿ ಪ್ರೀತಿಯಿದೆ, ಮರ್ಯಾದೆಯಿದೆ. ಮೈಗೆ ಇದರಿಂದ ಆಗುವ ನಷ್ಟ ಮಾತ್ರ ದೊಡ್ಡದು.

ಎಷ್ಟು ದೊಡ್ಡದು ಎಂಬುದಕ್ಕೆ 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಆರೋಗ್ಯವಾಗಿದ್ದ ಹನ್ನೆರಡು ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದರು. ಕಾಯಿಲೆ ಇಲ್ಲ, ಊಟಕ್ಕೆ ಕೊರತೆ ಇಲ್ಲ. ಹತ್ತೇ ದಿನಗಳಲ್ಲಿ ಕಾಲುಗಳಿಂದ ಸರಾಸರಿ ಒಂದು ಕಿಲೋದಷ್ಟು ಕೊಬ್ಬಿಲ್ಲದ ಖಂಡ ಕರಗಿತ್ತು. ಚಿಕುನ್‌ಗುನ್ಯಾ ಬಂದು, ಬಿದ್ದು ಎಲುಬು ಮುರಿದು, ಶಸ್ತ್ರಚಿಕಿತ್ಸೆಯಾಗಿ ನಮ್ಮ ಅಜ್ಜ–ಅಜ್ಜಿಯರು ತಿಂಗಳುಗಟ್ಟಲೆ ಮಲಗುತ್ತಾರೆ. ಕಾಯಿಲೆ ವಾಸಿಯಾಗುತ್ತದೆ, ‘ಅದರ ಮ್ಯಾಲೆ ಅಜ್ಜ ಎದ್ದs ಇಲ್ಲ’ ಎಂಬ ಮಾತು ಉಳಿಯುತ್ತದೆ. ಎಷ್ಟೋ ಸಲ ಅವರನ್ನು ಮಲಗಿಸಿದ್ದು ಕಾಯಿಲೆಗಿಂತ ಹೆಚ್ಚಾಗಿ ಹಾಸಿಗೆಯೇ. ಆಸ್ಪತ್ರೆಯಿಂದ ಬಿಡುವಾಗ ಮಾತ್ರೆಯ ಚೀಟಿಯ ಜೊತೆ ‘ಯಾವಾಗಿನಿಂದ ಎಬ್ಬಿಸಿ ನಿಲ್ಲಿಸಬೇಕು, ಎಷ್ಟು ನಡೆಸಬೇಕು’ ಎಂಬ ಮಾತನ್ನೂ ಮನೆಯವರು ಕೇಳಿ ಬರಬೇಕು. ನಿಪ್ಪಾಣಿಯವರು ಕೊಲ್ಹಾಪುರಕ್ಕೆ, ಅಥಣಿ–ಕಾಗವಾಡದವರು ಮಿರಜಕ್ಕೆ, ಚಿಕ್ಕೋಡಿ–ರಾಯಬಾಗದವರು ಬೆಳಗಾವಿಗೆ ಎಂದು ಎಲ್ಲಿಗೇ ಹೋಗಲಿ, ಈ ಪ್ರಶ್ನೆಗೆ ಖರ್ಚಿಲ್ಲ.

ತೊಂಬತ್ತರಲ್ಲೂ ಮರಳುತ್ತದೆ

ಹೋದ ಕಸುವು ಬರುವುದಿಲ್ಲ ಎಂಬ ನಂಬಿಕೆಯನ್ನು 1990ರಲ್ಲೇ ಬೋಸ್ಟನ್‌ನ ವೈದ್ಯೆ ಮರಿಯಾ ಫಿಯಾಟರೋನ್ ತಂಡ ಮುರಿದಿದೆ. ಹಿರಿಯರ ಆರೈಕೆ ಕೇಂದ್ರವೊಂದರಲ್ಲಿದ್ದ 86ರಿಂದ 96 ವರ್ಷದ ಹತ್ತು ಮಂದಿಗೆ ಎಂಟು ವಾರ ತೊಡೆಯ ಭಾರದ ವ್ಯಾಯಾಮ ಮಾಡಿಸಿದರು. ಹಗುರ ಕೈಕಾಲಾಟವಲ್ಲ, ಅವರ ಶಕ್ತಿಗೆ ಸವಾಲಾಗುವಷ್ಟು ಭಾರ. ಪೂರೈಸಿದವರಲ್ಲಿ ತೊಡೆಯ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು, ತೊಡೆಯ ಸ್ನಾಯು ಶೇ 9ರಷ್ಟು ದಪ್ಪವಾಯಿತು. ಇಬ್ಬರು ಕೋಲು ಬಿಟ್ಟು ನಡೆದರು.

ಬೊಜ್ಜಿರುವ ಹಿರಿಯರ ಬಗ್ಗೆ 2017ರಲ್ಲಿ ಇನ್ನೊಂದು ಮುಖ್ಯ ಅಧ್ಯಯನ ಬಂತು. ಡೆನಿಸ್ ವಿಲ್ಲಾರಿಯಲ್ ತಂಡ 65 ದಾಟಿದ 160 ಮಂದಿಯನ್ನು ತೆಗೆದುಕೊಂಡು ಕೆಲವರಿಗೆ ಪಥ್ಯದ ಜೊತೆ ನಡಿಗೆಯಂಥ ವ್ಯಾಯಾಮ, ಕೆಲವರಿಗೆ ಭಾರದ ವ್ಯಾಯಾಮ, ಕೆಲವರಿಗೆ ಎರಡೂ ಕೊಟ್ಟಿತು. ತೂಕ ಈ ಮೂರೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಇಳಿಯಿತು. ಬರೀ ನಡೆದವರು ಸ್ನಾಯುವನ್ನೂ ಹೆಚ್ಚು ಕಳೆದುಕೊಂಡರು. ಎರಡನ್ನೂ ಮಾಡಿದವರ ದೈಹಿಕ ಸಾಮರ್ಥ್ಯ ಎಲ್ಲರಿಗಿಂತ ಹೆಚ್ಚು ಸುಧಾರಿಸಿತು. ನಮ್ಮಲ್ಲಿ ಸಕ್ಕರೆ ಇದೆ ಎಂದ ಕೂಡಲೇ ‘ವಾಕಿಂಗ್ ಮಾಡ್ರಿ’ ಎಂದು ಹೇಳಿ ಮುಗಿಸುತ್ತಾರೆ. ನಡಿಗೆ ಹೃದಯಕ್ಕೆ ಒಳ್ಳೆಯದು, ಬಿಡಬಾರದು. ತೊಡೆಗೆ ಅದು ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಂತೆ 65 ದಾಟಿದವರಿಗೆ ವಾರಕ್ಕೆ 150 ನಿಮಿಷಗಳ ನಡಿಗೆಯಂಥ ಚಟುವಟಿಕೆಯ ಜೊತೆಗೆ, ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ, ಮೂರು ದಿನ ಸಮತೋಲನದ ಅಭ್ಯಾಸ ಬೇಕು.

ಅದಕ್ಕೆ ಜಿಮ್ ಬೇಡ. ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದೇ ಹಿರಿಯರ ಬೈಠಕ್. ಎಂಟು ಹತ್ತು ಸಲ ಎದ್ದು, ಸುಧಾರಿಸಿಕೊಂಡು, ಮತ್ತೆ ಒಂದೆರಡು ಸರದಿ. ಗೋಡೆಗೆ ಎರಡೂ ಅಂಗೈ ಊರಿ ಎದೆಯನ್ನು ಗೋಡೆಯತ್ತ ಬಾಗಿಸಿ ತಳ್ಳುವುದೇ ದಂಡ. ಬಾಗಿಲ ಚೌಕಟ್ಟು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಮೀನಖಂಡಕ್ಕೆ. ಅರ್ಧ ತುಂಬಿದ ಕೊಡವನ್ನು ಸೊಂಟ ಬಾಗಿಸದೆ, ಮಣಕಾಲು ಮಡಚಿ ಎತ್ತಿ ಹತ್ತು ಹೆಜ್ಜೆ ಒಯ್ಯುವುದು ಇಡೀ ಮೈಗೆ. ಸುಲಭವಾಯಿತು ಅನ್ನಿಸಿದ ಮೇಲೆ ಕೊಡದಲ್ಲಿ ಒಂದು ತಂಬಿಗೆ ನೀರು ಹೆಚ್ಚಿಸಬೇಕು. ಭಾರ ಮೆಲ್ಲಗೆ ಏರಿದರೆ ಮಾತ್ರ ಸ್ನಾಯು ಕಟ್ಟುತ್ತದೆ. ಉಸಿರು ಬಿಗಿ ಹಿಡಿಯಬಾರದು. ಹೃದಯದ ತೊಂದರೆ, ಹತೋಟಿಗೆ ಬಾರದ ಬೀಪಿ, ಸಕ್ಕರೆಯಿಂದ ಕಣ್ಣಿನ ಪರದೆಗೆ ಪೆಟ್ಟು ಇರುವವರು ವೈದ್ಯರನ್ನು ಕೇಳಿಯೇ ಶುರುಮಾಡಬೇಕು.

ತಾಟಿನಲ್ಲಿ ಏನಿದೆ?

ಹಲ್ಲು ಬಿದ್ದ ಮೇಲೆ, ಒಬ್ಬರೇ ಉಳಿದ ಮೇಲೆ, ಹಿರಿಯರ ಊಟ ಚಹಾ–ಖಾರಿಗೆ ಇಳಿಯುತ್ತದೆ. ಬೆಳಿಗ್ಗೆ ಬಶಿಯಲ್ಲಿ ಸುರಿದ ಸಿಹಿ ಚಹಾ, ಅದರಲ್ಲಿ ಅದ್ದಿದ ಎರಡು ಟೋಸ್ಟು. ಮಧ್ಯಾಹ್ನ ಮೆತ್ತಗಿನ ಅನ್ನ–ಸಾರು. ಸಂಜೆ ಮತ್ತೆ ಚಹಾ, ಖಾರಿ. ರಾತ್ರಿ ‘ಹಸಿವಿಲ್ಲ’ ಎಂದು ಒಂದು ಲೋಟ ಚಹಾದಲ್ಲೇ ಮುಗಿಸಿದ್ದೂ ಉಂಟು. ಹೊಟ್ಟೆ ತುಂಬುತ್ತದೆ, ಸಕ್ಕರೆ–ಮೈದಾ–ವನಸ್ಪತಿ ಸೇರುತ್ತದೆ, ಸ್ನಾಯು ಕಟ್ಟುವ ಪ್ರೋಟೀನ್ ಬಹಳವೆಂದರೆ ಇಪ್ಪತ್ತು ಮೂವತ್ತು ಗ್ರಾಂ.

ಆರೋಗ್ಯವಂತ ವಯಸ್ಕರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಎಂಬುದು ನಮ್ಮ ರಾಷ್ಟ್ರೀಯ ಶಿಫಾರಸು. 65 ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕು ಎಂದು ತಜ್ಞರ ಅಂತರರಾಷ್ಟ್ರೀಯ ಗುಂಪೊಂದು 2013ರಲ್ಲಿ ಸೂಚಿಸಿದೆ. 60 ಕಿಲೋ ತೂಕದ ಅಜ್ಜಿಗೆ ದಿನಕ್ಕೆ 60ರಿಂದ 72 ಗ್ರಾಂ. ದೊಡ್ಡ ಸಂಖ್ಯೆ ಅನ್ನಿಸಬಹುದು. ಈ ಭಾಗದ ಅಡುಗೆಮನೆಯಲ್ಲೇ ಅದು ಸಿಗುತ್ತದೆ. 120 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಯಲ್ಲಿ ಸುಮಾರು 12 ಗ್ರಾಂ. ಒಂದು ಮುಷ್ಟಿ ಮಡಿಕೆ ಅಥವಾ ಹೆಸರುಕಾಳಿನ ಪಲ್ಯದಲ್ಲಿ 7. ಒಂದು ಬಟ್ಟಲು ಗಟ್ಟಿ ಬೇಳೆ ಅಥವಾ ಜುಣಕದಲ್ಲಿ 7. 250 ಮಿಲಿಲೀಟರ್ ಹಾಲಿನಲ್ಲಿ 8. ಬಟ್ಟಲು ಮೊಸರಿನಲ್ಲಿ 5. 30 ಗ್ರಾಂ ಶೇಂಗಾದಲ್ಲಿ 7. ತಿನ್ನುವವರಾದರೆ ಎರಡು ಮೊಟ್ಟೆಯಲ್ಲಿ 12. ಅರವತ್ತರ ಹತ್ತಿರ ಬಂತು. ಹಲ್ಲಿಲ್ಲದವರಿಗೆ ಶೇಂಗಾ ಹಿಂಡಿ, ಕುಟ್ಟಿದ ರೊಟ್ಟಿ ಹಾಲಿನಲ್ಲಿ, ಕಾಳನ್ನು ಮೆತ್ತಗೆ ಬೇಯಿಸಿ ಅರೆದದ್ದು.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಅನುರ ಕುರ್ಪಾಡ್ ಅವರಂಥ ಸಂಶೋಧಕರು ಭಾರತೀಯರ ಪ್ರೋಟೀನ್ ಅಗತ್ಯವನ್ನು ದಶಕಗಳಿಂದ ಅಳೆಯುತ್ತ ಬಂದಿದ್ದಾರೆ. ಪ್ರಮಾಣದಷ್ಟೇ ಗುಣಮಟ್ಟವೂ ಮುಖ್ಯ. ಜೋಳ, ಅಕ್ಕಿ, ಗೋಧಿಯಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಬೇಳೆಕಾಳಿನಲ್ಲಿ, ಹಾಲಿನಲ್ಲಿ ಅದು ಹೆಚ್ಚು. ರೊಟ್ಟಿಗೆ ಕಾಳಿನ ಪಲ್ಯ, ಮೇಲೆ ಮೊಸರು ಎಂಬ ನಮ್ಮ ಹಳೆಯ ಜೋಡಣೆ ಈ ಕೊರತೆಯನ್ನು ತುಂಬುತ್ತದೆ. ಪ್ರೋಟೀನನ್ನು ರಾತ್ರಿಯೊಂದೇ ಹೊತ್ತಿಗೆ ತಳ್ಳದೆ ಮೂರೂ ಹೊತ್ತಿಗೆ ಹಂಚಿದರೆ ಹಿರಿಯರ ಸ್ನಾಯುವಿಗೆ ಹೆಚ್ಚು ಉಪಯೋಗ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರ ಮಾತಿಲ್ಲದೆ ಪ್ರೋಟೀನ್ ಹೆಚ್ಚಿಸಬಾರದು.

ಕಬ್ಬಿನ ನಾಡಿನಲ್ಲಿ ಒಂದು ಮಾತನ್ನು ನಿಷ್ಠುರವಾಗಿ ಹೇಳಬೇಕು. ‘ಬೆಲ್ಲ ತಿಂದ್ರ ಏನೂ ಆಗಂಗಿಲ್ಲ, ಸಕ್ರಿ ಅಷ್ಟs ಕೆಟ್ಟದ್ದು’ ಎಂಬ ನಂಬಿಕೆ ತಪ್ಪು. ಬೆಲ್ಲದ ಬಹುಪಾಲು ಸಕ್ಕರೆಯೇ.

ಸೂಜಿಯ ಆಸೆ

ಮಣಕಾಲು ನೋವಿಗೆ, ಮೈಕೈ ನೋವಿಗೆ ‘ಸೂಜಿ ಮಾಡಿಸಿಕೊಂಡು’ ಎರಡು ದಿನ ಹಗುರಾಗುವ ರೂಢಿ ಹಳ್ಳಿಗಳಲ್ಲಿದೆ. ಅವುಗಳಲ್ಲಿ ಸ್ಟೀರಾಯ್ಡ್ ಇದ್ದರೆ, ಪದೇ ಪದೇ ತೆಗೆದುಕೊಂಡರೆ, ಸಕ್ಕರೆ ಏರುತ್ತದೆ, ಎಲುಬು ಟೊಳ್ಳಾಗುತ್ತದೆ, ತೊಡೆಯ ಸ್ನಾಯು ಕರಗುತ್ತದೆ. ಯಾವ ಔಷಧಿ ಎಂದು ಕೇಳಿ ಬರೆಸಿಕೊಳ್ಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ.

ತೂಕ ಇಳಿಸುವ ಹೊಸ ಸೂಜಿಗಳು, ಟಿರ್ಜೆಪಟೈಡ್ ಮತ್ತು ಸೆಮಾಗ್ಲುಟೈಡ್, 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ತೂಕವೂ ಸಕ್ಕರೆಯೂ ಇಳಿಯುತ್ತವೆ, ಅನೇಕರಿಗೆ ಅವು ನಿಜವಾದ ನೆರವು. ಆದರೆ ಇಳಿದ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವಿನ ಪಾಲೂ ಇರುತ್ತದೆ. ಕೆಲವು ಅಧ್ಯಯನಗಳಲ್ಲಿ ಕಾಲು ಭಾಗದಿಂದ ಮೂರನೆಯ ಒಂದು ಭಾಗಕ್ಕೂ ಮೀರಿ ಕೊಬ್ಬಿಲ್ಲದ ಅಂಶ ಹೋಗಿದೆ. ಮೊದಲೇ ತೊಡೆ ಸವೆದ ಹಿರಿಯರಿಗೆ ಭಾರದ ವ್ಯಾಯಾಮ, ಪ್ರೋಟೀನ್ ಇಲ್ಲದೆ ಬರೀ ಸೂಜಿ ಕೊಟ್ಟರೆ ಕಾಟಾ ಖುಷಿಪಡಿಸುತ್ತದೆ, ಕಾಲು ಕೈಕೊಡುತ್ತದೆ.

ಮನೆಯಲ್ಲೇ ನೋಡಿಕೊಳ್ಳಿ

ಇವುಗಳಲ್ಲಿ ಮೊದಲ ಮೂರು ಏಷ್ಯಾದ ತಜ್ಞರ ಗುಂಪು 2019ರಲ್ಲಿ ಒಪ್ಪಿದ ಅಳತೆಗಳು, ಸೊಂಟದ್ದು ಮೇಲೆ ಹೇಳಿದ ಭಾರತೀಯರ ಅಳತೆ. ಎಲ್ಲವನ್ನೂ ಮನೆಯಲ್ಲೇ ಪರೀಕ್ಷಿಸಬಹುದು.

ಕುರ್ಚಿ: ಎದೆಯ ಮೇಲೆ ಕೈಕಟ್ಟಿ ಐದು ಸಲ ಎದ್ದು ಕೂರಬೇಕು. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಎಚ್ಚರ.

ನಡಿಗೆ: ಎಂದಿನ ವೇಗದಲ್ಲಿ 6 ಮೀಟರ್ ನಡೆಯಲು 6 ಸೆಕೆಂಡ್‌ಗಿಂತ ಹೆಚ್ಚು ಬೇಕಾದರೆ ಎಚ್ಚರ.

ಮೀನಖಂಡ: ದರ್ಜಿಯ ಟೇಪಿನಿಂದ ಅತಿ ದಪ್ಪ ಭಾಗ ಅಳೆಯಬೇಕು. ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂಟಿಮೀಟರ್‌ಗಿಂತ ಕಡಿಮೆಯಿದ್ದರೆ ಎಚ್ಚರ. ಕಾಲು ಬಾತಿದ್ದರೆ ಈ ಅಳತೆ ನಂಬಬಾರದು.

ಸೊಂಟ: ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದ್ದರೆ ಎಚ್ಚರ. ಸೊಂಟ ಹೆಚ್ಚು, ಮೀನಖಂಡ ಕಡಿಮೆ ಎರಡೂ ಇದ್ದರೆ ವೈದ್ಯರ ಬಳಿ ಹೋಗಲೇಬೇಕು.

ಊರು ಮಾಡಬಹುದಾದದ್ದು

ಅಂಗನವಾಡಿಯಲ್ಲಿ ಮಗುವಿನ ತೂಕ ನೋಡುತ್ತಾರೆ, ರಟ್ಟೆಗೆ ಟೇಪು ಸುತ್ತಿ ಅಳೆಯುತ್ತಾರೆ. ದಶಕಗಳ ಆ ಕೆಲಸದಿಂದ ಮಕ್ಕಳ ಅಪೌಷ್ಟಿಕತೆ ನಮ್ಮ ಕಣ್ಣಿಗೆ ಕಾಣುವ ವಿಷಯವಾಯಿತು. ಅಜ್ಜಿಯ ಮೀನಖಂಡಕ್ಕೆ ಟೇಪು ಸುತ್ತುವವರು ಇನ್ನೂ ಬಂದಿಲ್ಲ. ಮನೆಬಾಗಿಲಿಗೇ ಹೋಗಿ ಬೀಪಿ, ಸಕ್ಕರೆ ಮೊದಲಾದವನ್ನು ತಪಾಸಣೆ ಮಾಡುವ ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಗಿದೆ. ಅದರ ಜೊತೆಗೆ ಒಂದು ಟೇಪು, ಒಂದು ಕುರ್ಚಿ, ಸೆಕೆಂಡ್ ಎಣಿಸುವ ಮೊಬೈಲು ಸೇರಿದರೆ ಕಸುವಿನ ಲೆಕ್ಕವೂ ಸಿಗುತ್ತದೆ. ಹೆಚ್ಚಿನ ಖರ್ಚಿಲ್ಲದ ಕೆಲಸ ಇದು, ಆರೋಗ್ಯ ಇಲಾಖೆ ಮಾಡಬೇಕು.

ಊರು ಮಾಡಬಹುದಾದದ್ದೂ ಇದೆ. ಗಡಿಭಾಗದ ಎಷ್ಟೋ ಊರುಗಳಲ್ಲಿ ತಾಲೀಮಿನ ಕಟ್ಟಡ, ಗರಡಿಮನೆ ಇವೆ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು ನೋಡಲು ಊರಿಗೆ ಊರೇ ನೆರೆಯುತ್ತದೆ. ಭಾರ ಎತ್ತುವುದಕ್ಕೆ ಇಷ್ಟು ಮರ್ಯಾದೆ ಕೊಟ್ಟ ನಾಡು ಬೇರೆ ಎಲ್ಲಿದೆ? ಹರೆಯದ ಪೈಲವಾನರು ಬೆಳಗಿನ ತಾಲೀಮು ಮುಗಿಸಿದ ಮೇಲೆ ವಾರಕ್ಕೆರಡು ದಿನ ಅದೇ ಜಾಗ ಅರವತ್ತು ದಾಟಿದವರಿಗೆ ತೆರೆಯಲಿ. ಹೆಣ್ಣುಮಕ್ಕಳಿಗೆ ಶಾಲೆಯ ಅಂಗಳ, ಸಮುದಾಯ ಭವನ, ಸ್ವಸಹಾಯ ಸಂಘದ ಸಭೆಯ ಹೊತ್ತು ಆಗಬಹುದು. ನಾಲ್ಕು ಕುರ್ಚಿ, ನಾಲ್ಕು ಕೊಡ ಸಾಕು. ಜೊತೆಗೆ ಮಾಡಿದರೆ ಬಿಡುವುದಿಲ್ಲ, ಬಿದ್ದರೆ ಹಿಡಿಯುವವರಿರುತ್ತಾರೆ, ಒಂಟಿಯಾದವರಿಗೆ ಮಾತೂ ಸಿಗುತ್ತದೆ.

ಮನೆಯಲ್ಲಿ ಬದಲಾಗಬೇಕಾದದ್ದು ಇನ್ನೂ ಸಣ್ಣದು. ಅವ್ವ ಕೊಡ ಎತ್ತಲು ಬಾಗಿದಾಗ ಕಸಿದುಕೊಳ್ಳಬೇಡಿ. ಅರ್ಧ ತುಂಬಿಸಿ ಕೊಡಿ. ಅಪ್ಪ ಕುರ್ಚಿಯಿಂದ ಏಳುವಾಗ ರಟ್ಟೆ ಹಿಡಿದು ಎಬ್ಬಿಸುವ ಮೊದಲು ಒಂದು ಸಲ ತಾನೇ ಏಳಲು ಬಿಡಿ, ಪಕ್ಕದಲ್ಲಿ ನಿಂತಿರಿ. ಅವರ ತಾಟಿಗೆ ಕಾಳಿನ ಪಲ್ಯ ಒಂದು ಸೌಟು ಹೆಚ್ಚು ಬಡಿಸಿ, ಖಾರಿಯ ಪುಡಿಕೆ ಕಡಿಮೆ ತನ್ನಿ. ಹೊಲ, ಗುಡಿ, ಸಂತೆಗೆ ಹೋಗುತ್ತೇನೆ ಎಂದರೆ ತಡೆಯಬೇಡಿ. ಬರವನ್ನೂ ಗೋಲಿಬಾರನ್ನೂ ಕಂಡು ಈ ಊರುಗಳನ್ನು ಕಟ್ಟಿದವರು ಅವರು. ಅವರಿಗೆ ಸಲ್ಲಬೇಕಾದ ಗೌರವ ಕೊನೆಯವರೆಗೂ ತಮ್ಮ ಕಾಲ ಮೇಲೆ ತಾವು ನಿಲ್ಲುವ ಬಲ. ಆ ಬಲ ಯಾವ ವಯಸ್ಸಿನಲ್ಲೂ ಮರಳಿ ಬರುತ್ತದೆ ಎಂಬುದು ರುಜುವಾತಾಗಿ ಮೂವತ್ತು ವರ್ಷ ದಾಟಿದೆ. ಇನ್ನು ತಡಮಾಡಲು ಕಾರಣವಿಲ್ಲ.